ದೊಡ್ಡ ಹೆಸರಿಗೆ ಕೊಟ್ಟ ದುಡ್ಡು, ಬಿಟ್ಟುಕೊಟ್ಟ ಹುಡುಗರು

ಮಾನ್ಯ ಸಂಪಾದಕರೇ,

ನಿಮ್ಮ ಕ್ರೀಡಾ ಪುಟದಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಸುದ್ದಿ ಬರುವುದೇ ಅಪರೂಪ. ಬಂದರೂ ಯಾವ ದೊಡ್ಡ ಆಟಗಾರ ಎಷ್ಟು ಕೋಟಿ ಡಾಲರ್‌ಗೆ ಯಾವ ತಂಡ ಸೇರಿದ ಅನ್ನುವಷ್ಟೇ ಇರುತ್ತದೆ. ಆ ದುಡ್ಡು ಹೊಂದಿಸಲು ತಂಡ ಯಾರನ್ನು ಬಿಟ್ಟಿತು ಅನ್ನೋದು ಇರುವುದಿಲ್ಲ. ಸಂಬಳಕ್ಕೆ ಮಿತಿ ಇರುವ ಲೀಗ್‌ನಲ್ಲಿ ನನಗೆ ಅದೇ ಅಸಲಿ ಸುದ್ದಿ.

ಐಪಿಎಲ್ ಹರಾಜು ನೋಡುವವರಿಗೆ ಇದು ಕಷ್ಟವಲ್ಲ. 2025ರ ಸೀಸನ್‌ಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ ಪರ್ಸ್ ಇತ್ತು. ಒಬ್ಬನಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬನಿಗೆ ಕಮ್ಮಿ, ಅಷ್ಟೇ. ಎನ್‌ಬಿಎ ಲೆಕ್ಕ ಸ್ವಲ್ಪ ಬೇರೆ. 2024–25ರಲ್ಲಿ ಒಂದು ತಂಡದ ಒಟ್ಟು ಸಂಬಳದ ಮಿತಿ ಸುಮಾರು 14 ಕೋಟಿ ಡಾಲರ್. ತಮ್ಮದೇ ಆಟಗಾರರನ್ನು ಉಳಿಸಿಕೊಳ್ಳಲು ತಂಡ ಇದನ್ನು ದಾಟಬಹುದು, ಆದರೆ 17 ಕೋಟಿ ದಾಟಿದ ಮೇಲೆ ಭಾರಿ ತೆರಿಗೆ ಬೀಳುತ್ತದೆ, ಸುಮಾರು 19 ಕೋಟಿಯ ‘ಸೆಕೆಂಡ್ ಏಪ್ರನ್’ ಗೆರೆಯನ್ನೂ ದಾಟಿದರೆ ಲೀಗ್ ಮತ್ತು ಆಟಗಾರರ ಸಂಘದ 2023ರ ಒಪ್ಪಂದದ ಪ್ರಕಾರ ಕೈಕಾಲು ಕಟ್ಟಿದ ಹಾಗೆ: ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ಏಳು ವರ್ಷ ಮುಂದಿನ ಡ್ರಾಫ್ಟ್‌ನ (ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸುವ ವ್ಯವಸ್ಥೆ) ಮೊದಲ ಸುತ್ತಿನ ಹಕ್ಕನ್ನೂ ಬೇರೆ ತಂಡಕ್ಕೆ ಕೊಡುವಂತಿಲ್ಲ.

ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡದ ಕತೆ ನೋಡಿ. 2021ರಲ್ಲಿ ರಸೆಲ್ ವೆಸ್ಟ್‌ಬ್ರೂಕ್‌ನನ್ನು ತಂದರು. ಆ ವರ್ಷ ಅವನೊಬ್ಬನ ಸಂಬಳವೇ 4.4 ಕೋಟಿ ಡಾಲರ್. ಅದೇ ಬೇಸಿಗೆಯಲ್ಲಿ ಅಲೆಕ್ಸ್ ಕರೂಸೊ ಅನ್ನುವ ಗಾರ್ಡ್ (ಚೆಂಡು ಮುನ್ನಡೆಸುವ, ಎದುರಾಳಿ ಗಾರ್ಡ್‌ನನ್ನು ತಡೆಯುವ ಆಟಗಾರ) ಕೈತಪ್ಪಿದ. ಶಿಕಾಗೊ ಅವನಿಗೆ ಕೊಟ್ಟದ್ದು ನಾಲ್ಕು ವರ್ಷಕ್ಕೆ 3.7 ಕೋಟಿ. ಅಂದರೆ ವೆಸ್ಟ್‌ಬ್ರೂಕ್‌ನ ಒಂದೇ ವರ್ಷದ ಸಂಬಳಕ್ಕಿಂತ ಕಡಿಮೆ! ನಿಯಮದ ಪ್ರಕಾರ ಅವನನ್ನು ಉಳಿಸಿಕೊಳ್ಳಬಹುದಿತ್ತು, ತೆರಿಗೆಯ ಹೊರೆಯಷ್ಟೇ ಅಡ್ಡ. ಆ ಸೀಸನ್‌ನಲ್ಲಿ ಲೇಕರ್ಸ್ 33 ಗೆದ್ದು 49 ಸೋತಿತು.

ಇನ್ನೊಂದು ನನಗೆ ಇಂದಿಗೂ ನೋವು ಕೊಡುವ ಕತೆ, ಡಲ್ಲಾಸ್‌ನ ಜೇಲೆನ್ ಬ್ರನ್ಸನ್‌ದು. 2018ರ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ, 33ನೇ ಆಯ್ಕೆಯಾಗಿ ಬಂದ ಗಾರ್ಡ್. ನಾಲ್ಕು ವರ್ಷಕ್ಕೆ ಸುಮಾರು 5.5 ಕೋಟಿ ಡಾಲರ್‌ಗೆ ಅವನ ಒಪ್ಪಂದ ಮುಂದುವರಿಸುವ ಅವಕಾಶ ತಂಡಕ್ಕಿತ್ತು. ಕಾಯೋಣ ಅಂದುಕೊಂಡರು. 2022ರ ಪ್ಲೇಆಫ್‌ನಲ್ಲಿ ತಂಡದ ಸ್ಟಾರ್ ಲೂಕಾ ಡಾನ್ಚಿಚ್ ಗಾಯಗೊಂಡು ಕೂತಾಗ ಬ್ರನ್ಸನ್ ಯೂಟಾ ವಿರುದ್ಧ ಒಂದೇ ಪಂದ್ಯದಲ್ಲಿ 41 ಪಾಯಿಂಟ್ ಹೊಡೆದ. ಚೆಂಡು ಕೈಗೆ ಸಿಕ್ಕಾಗಲೇ ಗಾರ್ಡ್ ಬೆಳೆಯುವುದು, ಅಲ್ವಾ? ಬೇಸಿಗೆಗೆ ನ್ಯೂಯಾರ್ಕ್ 10.4 ಕೋಟಿ ಕೊಟ್ಟು ಕರೆದುಕೊಂಡು ಹೋಯಿತು. 2025ರಲ್ಲಿ ಆ ತಂಡ 25 ವರ್ಷಗಳ ನಂತರ ಈಸ್ಟರ್ನ್ ಕಾನ್ಫರೆನ್ಸ್ (ಲೀಗ್‌ನ ಪೂರ್ವ ವಿಭಾಗ) ಫೈನಲ್ ಆಡಿತು.

ಡಲ್ಲಾಸ್ ಪರವಾಗಿಯೂ ಒಂದು ಮಾತಿದೆ, ಅದನ್ನು ಬಿಟ್ಟರೆ ತಪ್ಪಾಗುತ್ತದೆ. ಬ್ರನ್ಸನ್ ಹೋದ ಮೇಲೆ ಅವರು ಅನುಭವಿ ಕೈರಿ ಅರ್ವಿಂಗ್‌ನನ್ನು ತಂದರು, 2024ರಲ್ಲಿ ಎನ್‌ಬಿಎ ಫೈನಲ್ ತಲುಪಿದರು. ಹಾಗಾಗಿ ಹಿರಿಯರು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ.

ಆದರೆ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ಫೀನಿಕ್ಸ್ ಇದೆ. ಬ್ರಾಡ್ಲಿ ಬೀಲ್ 2022ರಲ್ಲಿ ವಾಷಿಂಗ್ಟನ್ ಜೊತೆ ಐದು ವರ್ಷಕ್ಕೆ 25.1 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿದ್ದ. ತಾನು ಒಪ್ಪದೆ ಬೇರೆ ತಂಡಕ್ಕೆ ಕಳಿಸುವಂತಿಲ್ಲ ಅನ್ನುವ ಷರತ್ತೂ ಅದರಲ್ಲಿತ್ತು. ಮರುವರ್ಷ ಆ ಒಪ್ಪಂದವನ್ನು ಫೀನಿಕ್ಸ್ ಇದ್ದಹಾಗೇ ಹೊತ್ತುಕೊಂಡಿತು. ಎರಡು ಸೀಸನ್‌ನಲ್ಲಿ ತಲಾ 53 ಪಂದ್ಯ ಆಡಿದ. 2024–25ರಲ್ಲಿ ಫೀನಿಕ್ಸ್ 36 ಗೆಲುವಿಗೆ ನಿಂತುಹೋಯಿತು, ಪ್ಲೇಆಫ್ ಕೂಡ ಇಲ್ಲ. ಕೊನೆಗೆ 2025ರ ಜುಲೈನಲ್ಲಿ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಉಳಿದ ಬಾಕಿಯನ್ನು ಐದು ವರ್ಷಕ್ಕೆ ಹಂಚಿದ್ದಾರೆ. ಈಗ ತಂಡದಲ್ಲೇ ಇಲ್ಲದ ಆಟಗಾರನಿಗೆ 2030ರವರೆಗೆ ವರ್ಷಕ್ಕೆ ಸುಮಾರು 1.9 ಕೋಟಿ ಡಾಲರ್ ಮಿತಿಯಲ್ಲಿ ಜಾಗ ಬಿಡಬೇಕು. ಆ ಜಾಗದಲ್ಲಿ ಇಬ್ಬರು ಮೂವರು ಹುಡುಗರನ್ನು ಬೆಳೆಸಬಹುದಿತ್ತು.

ಒಕ್ಲಹೋಮಾ ಸಿಟಿ ಮಾಡಿದ್ದೇ ಬೇರೆ. 2019ರಲ್ಲಿ ಪಾಲ್ ಜಾರ್ಜ್‌ನಂಥ ಸ್ಟಾರ್‌ನನ್ನು ಕೊಟ್ಟು ಒಂದೇ ಸೀಸನ್ ಆಡಿದ್ದ ಶೇ ಗಿಲ್ಜಸ್-ಅಲೆಕ್ಸಾಂಡರ್‌ನನ್ನೂ ಹಲವು ಡ್ರಾಫ್ಟ್ ಹಕ್ಕುಗಳನ್ನೂ ಪಡೆದರು. ಅದರಲ್ಲೊಂದು ಹಕ್ಕಿನಿಂದಲೇ 2022ರಲ್ಲಿ ಜೇಲೆನ್ ವಿಲಿಯಮ್ಸ್ ಬಂದ. ಆದರೆ 2024ರಲ್ಲಿ ಇದೇ ತಂಡ 21ರ ಹರೆಯದ ಗಾರ್ಡ್ ಜಾಶ್ ಗಿಡ್ಡಿಯನ್ನು ಕೊಟ್ಟು 30 ವರ್ಷದ ಆಟಗಾರನೊಬ್ಬನನ್ನು ತಂದಿತು. ಯಾರನ್ನು? ಲೇಕರ್ಸ್ ಬಿಟ್ಟ ಅದೇ ಕರೂಸೊನನ್ನು! ಆಗ ಅವನ ಸಂಬಳ 1 ಕೋಟಿ ಡಾಲರ್‌ಗಿಂತ ಕಡಿಮೆ. 2025ರ ಮೇನಲ್ಲಿ ಡೆನ್ವರ್ ವಿರುದ್ಧದ ಪ್ಲೇಆಫ್ ಸರಣಿಯ ನಿರ್ಣಾಯಕ ಏಳನೇ ಪಂದ್ಯ ನೋಡಲು ನಾನು ರಾತ್ರಿ ಒಂದು ಗಂಟೆಗೆ ಎದ್ದು ಕೂತಿದ್ದೆ. ತನಗಿಂತ ಅರ್ಧ ಅಡಿ ಎತ್ತರದ ನಿಕೊಲಾ ಯೋಕಿಚ್‌ನನ್ನು ಕರೂಸೊ ಮೈಗೆ ಮೈ ಕೊಟ್ಟು ತಡೆದ ರೀತಿ ನೋಡಿ ಆಮೇಲೆ ನಿದ್ದೆಯೇ ಬರಲಿಲ್ಲ. ಕಾಲೇಜಿನಲ್ಲಿ ನಾನೂ ಗಾರ್ಡ್ ಆಗಿದ್ದೆ, ಅದು ಎಷ್ಟು ಕಷ್ಟ ಅಂತ ಗೊತ್ತು. ಮುಂದಿನ ತಿಂಗಳು ಆ ತಂಡ ಚಾಂಪಿಯನ್ ಆಯಿತು.

ಹಾಗಾಗಿ ನಾನು ಕೇಳುವುದು ವಯಸ್ಸಲ್ಲ, ಬೆಲೆ. ಕರೂಸೊನಂಥ ಹಿರಿಯನನ್ನು ತಂದರೆ ಹುಡುಗರಿಗೂ ಜಾಗ ಉಳಿಯುತ್ತದೆ. ಬೀಲ್‌ನಂಥ ಒಪ್ಪಂದ ತಂದರೆ ಉಳಿಯುವುದಿಲ್ಲ.

ಈಗ ಆ ಪರೀಕ್ಷೆ ಒಕ್ಲಹೋಮಾಕ್ಕೇ ಬಂದಿದೆ. ಶೇ, ಚೆಟ್ ಹೋಮ್‌ಗ್ರೆನ್, ವಿಲಿಯಮ್ಸ್ ಮೂವರಿಗೂ 2025ರ ಜುಲೈನಲ್ಲಿ ಭಾರಿ ಒಪ್ಪಂದ ಆಗಿದೆ. 2023ರ 10ನೇ ಆಯ್ಕೆ ಕೇಸನ್ ವಾಲೇಸ್‌ನ ಮೊದಲ ಒಪ್ಪಂದ 2026–27ಕ್ಕೆ ಮುಗಿಯುತ್ತದೆ. ಎದುರಾಳಿಯ ಒಳ್ಳೇ ಗಾರ್ಡ್‌ಗೆ ಉಸಿರಾಡಲೂ ಬಿಡದ ಹುಡುಗ ಅವನು, ಅವನನ್ನು ಬಿಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಉಳಿಸಿಕೊಂಡರೂ ಬಿಟ್ಟರೂ ಆ ದಿನ ನಿಮ್ಮ ಪುಟದಲ್ಲಿ ಅವನಿಗೂ ನಾಲ್ಕು ಸಾಲು ಕೊಡಿ.

ಇಂತಿ,
ನಿಮ್ಮ ಹಳೆಯ ಓದುಗ, ಮೈಸೂರು