ಶನಿವಾರದ ಅಭ್ಯಾಸಕ್ಕೆ: ಅರ್ಧ ಸ್ವರ ಇಳಿಸಿ ಬನ್ನಿ

ಮಾಟುಂಗಾ ಬಳಗದ ಗಿಟಾರಿಗರೇ, ಈ ಸಲ ಇ-ಫ್ಲ್ಯಾಟ್ ಶ್ರುತಿ, ಅಂದ್ರೆ ಆರೂ ತಂತಿ ಅರ್ಧ ಸ್ವರ ಕೆಳಗೆ. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದವರು 1990ರ ದಶಕದ ನಡುವಿನಿಂದ ವೇದಿಕೆಯಲ್ಲಿ ಅರ್ಧ ಸ್ವರ ಕೆಳಗೇ ನುಡಿಸೋದು. ಹಾಡೋ ಗಂಟಲಿಗೆ ಮೇಲಿನ ಸ್ವರ ಭಾರ, ಅಷ್ಟೇ. ‘ಮುದುಕರಾದ್ರು’ ಅಂತ ಮೂಗು ಮುರಿಯೋರು ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಎಷ್ಟು ದಪ್ಪಗಾಗಿದೆ ಅಂತ ಕೇಳಿಸ್ಕೊಳ್ಳಲಿ.

9ರ ತಂತಿ (0.009 ಇಂಚಿನಿಂದ ಶುರುವಾಗೋ ತೆಳು ಸೆಟ್) ಸಡಿಲಾಗಿ ಫ್ರೆಟ್ಟಿಗೆ, ಅಂದ್ರೆ ಕತ್ತಿನ ಲೋಹದ ಪಟ್ಟಿಗೆ, ಬಡಿದು ಜುಂಯ್ ಅನ್ನುತ್ತೆ. ತುಸು ದಪ್ಪನೆಯ 10ರ ಸೆಟ್ ಹಾಕಿ. ಫ್ಲಾಯ್ಡ್ ರೋಸ್ (ಸ್ಪ್ರಿಂಗ್ ಮೇಲೆ ತೇಲೋ ಬ್ರಿಜ್) ಇದ್ದವರು ಮೊದಲು ಕತ್ತಿನ ತುದಿಯಲ್ಲಿ ತಂತಿ ಬಿಗಿಹಿಡಿಯೋ ನಟ್ ಲಾಕ್ ಬಿಚ್ಚಿ. ಒಂದು ತಂತಿ ಇಳಿಸಿದರೆ ಹಿಂದಿನ ಸ್ಪ್ರಿಂಗ್ ಎಳೆದು ಉಳಿದ ಐದೂ ಏರುತ್ತವೆ, ಹಾಗಾಗಿ ಆರೂ ತಂತಿಯನ್ನು ಮೂರ್ನಾಲ್ಕು ಸಲ ಶ್ರುತಿ ಮಾಡಬೇಕು. ಬ್ರಿಜ್ ಹಿಂದಕ್ಕೆ ಕುಸಿದರೆ ಸ್ಪ್ರಿಂಗಿನ ಸ್ಕ್ರೂ ಕಾಲು ಸುತ್ತು ಸಡಿಲಿಸಿ.

ಲೋಕಲ್ ರೈಲು ಇಳಿದು ಎಸಿ ಕೋಣೆಗೆ ಬಂದ ಕೂಡಲೇ ಶ್ರುತಿ ಬೇಡ. ತಂತಿ ತಣ್ಣಗಾಗಿ ಏರುತ್ತೆ. ಹದಿನೈದು ನಿಮಿಷ ಕಾಯಿರಿ. ಹಳೇ ರೆಕಾರ್ಡಿನ ಜತೆ ನುಡಿಸೋಕೆ ಒಂದನೇ ಫ್ರೆಟ್ಟಿಗೆ ಕ್ಯಾಪೊ (ಎಲ್ಲ ತಂತಿ ಒತ್ತಿ ಹಿಡಿಯೋ ಕ್ಲಿಪ್) ಸಾಕು, ಅರ್ಧ ಸ್ವರ ಮತ್ತೆ ಏರುತ್ತೆ.