ಸಮೀಕ್ಷೆಗೆ ಮೊದಲು ರಿಜಿಸ್ಟರ್ ನೋಡು

ಪ್ರಿಯ ಹರೀಶ,

ಮಾನಸಿಕ ಆರೋಗ್ಯ ನೀತಿಯ ಸಂಶೋಧನೆಗೆ ಸೇರುತ್ತಿದ್ದೀಯ, ಮಂಗಳೂರಲ್ಲೇ ಕೂತು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆ ನೋಡಿಕೊಳ್ಳಬೇಕು ಅಂತ ಬರೆದಿದ್ದೀಯ. ಖುಷಿಯಾಯಿತು. ಆದರೆ ಸಮೀಕ್ಷೆ ಯಾವಾಗ ಶುರು ಮಾಡುವುದು ಅಂತ ಕೇಳಿದ್ದೀಯಲ್ಲ, ಅದಕ್ಕೆ ಸ್ವಲ್ಪ ತಡಿ ಮಾರಾಯ. ನಿನ್ನ ವರದಿಯಿಂದ ಯಾರ ಮೇಜಿನ ಯಾವ ಕಡತ ಅಲ್ಲಾಡಬೇಕು ಅಂತ ಮೊದಲು ಒಂದೇ ಸಾಲಿನಲ್ಲಿ ಬರೆದಿಡು. ‘ಜಾಗೃತಿ ಹೆಚ್ಚಬೇಕು’ ಎನ್ನುವುದು ಯಾರ ಮೇಜಿಗೂ ಹೋಗುವುದಿಲ್ಲ. ‘ತಾಲೂಕು ಆಸ್ಪತ್ರೆಯಲ್ಲಿ ಮನೋರೋಗದ ಮಾತ್ರೆ ಮುಗಿಯಬಾರದು’ ಎನ್ನುವುದು ಹೋಗುತ್ತದೆ. ಅದಕ್ಕೆ ಒಬ್ಬ ಅಧಿಕಾರಿ, ಒಂದು ಇಂಡೆಂಟು (ಔಷಧದ ಬೇಡಿಕೆ ಪಟ್ಟಿ), ದುಡ್ಡು ಬರುವ ಒಂದು ಲೆಕ್ಕಶೀರ್ಷಿಕೆ ಉಂಟು.

ಎಲ್ಲರೂ ಮೊದಲು ಎತ್ತಿಕೊಳ್ಳುವ ಅಂಕಿ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯದ್ದು. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಮಾಡಿದ್ದು, ವಯಸ್ಕರಲ್ಲಿ ಶೇ. 10.6 ಜನಕ್ಕೆ ಮಾನಸಿಕ ಕಾಯಿಲೆ ಉಂಟು ಅಂತ ಹೇಳುತ್ತದೆ. ಆ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇಲ್ಲ, ಕೇರಳ, ತಮಿಳುನಾಡು ಉಂಟು. ಅದನ್ನು ದಕ್ಷಿಣ ಕನ್ನಡದ 20,89,649 ಜನಸಂಖ್ಯೆಗೆ ಗುಣಿಸಿ ‘ಜಿಲ್ಲೆಯಲ್ಲಿ ಇಷ್ಟು ರೋಗಿಗಳು’ ಅಂತ ಬರೆದರೆ ಎರಡು ತಪ್ಪು ಒಟ್ಟಿಗೇ ಆಗುತ್ತದೆ. ಬೇರೆ ರಾಜ್ಯಗಳ ಸರಾಸರಿ ನಮ್ಮದಾಗುತ್ತದೆ, ಮಕ್ಕಳೂ ವಯಸ್ಕರ ಲೆಕ್ಕಕ್ಕೆ ಸೇರುತ್ತಾರೆ. ಸಾಲದ್ದಕ್ಕೆ ಆ ಜನಸಂಖ್ಯೆ 2011ರದ್ದು. ಆಗ ಉಡುಪಿ ಜಿಲ್ಲೆಯಲ್ಲಿ ಇದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ, ಮೂರೇ ತಾಲೂಕು. ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ಆಮೇಲೆ ಬಂದವು. ಹೊಸ ತಾಲೂಕಿನ ರೋಗಿಗಳನ್ನು ಹಳೇ ತಾಲೂಕಿನ ಜನಸಂಖ್ಯೆಯಿಂದ ಭಾಗಿಸಿದರೆ ಬರುವುದು ಕಸ. ಗ್ರಾಮವಾರು ಪಟ್ಟಿ ತೆಗೆದು ತಾಲೂಕನ್ನು ನೀನೇ ಕಟ್ಟಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಇನ್ನು ರಿಜಿಸ್ಟರ್. ಮನೋಚೈತನ್ಯ ಎಂಬ ರಾಜ್ಯ ಸರಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ಕಿನ ಪುಸ್ತಕ ಕೈಗೆ ಸಿಕ್ಕಿದರೆ ಅದೇ ನಿನ್ನ ಬಂಡವಾಳ. ಮೊದಲು ‘ಹೊಸಬರು–ಹಳಬರು’ ಕಾಲಂ ನೋಡು. ಪುಸ್ತಕ ಮುಗಿದು ಹೊಸದು ತೆರೆದಾಗ ಹಳೇ ರೋಗಿಗೆ ಹೊಸ ನಂಬರ್ ಬಿದ್ದಿರಬಹುದು. ಆ ತಿಂಗಳು ರೋಗ ಒಮ್ಮೆಲೇ ಏರಿದಂತೆ ಕಾಣುತ್ತದೆ. ಎರಡನೆಯದು, ಬಂದದ್ದು ರೋಗಿಯೋ ಮನೆಯವರೋ? ಅಮ್ಮ ಬಂದು ಮಗನ ತಿಂಗಳ ಮಾತ್ರೆ ಒಯ್ದರೂ ಅಲ್ಲಿ ರೋಗಿಯ ಭೇಟಿ ಅಂತಲೇ ದಾಖಲೆ. ಆ ಹುಡುಗನನ್ನು ಡಾಕ್ಟರು ನೋಡದೆ ಎಷ್ಟು ತಿಂಗಳಾಯಿತು ಅನ್ನುವುದು ಎಲ್ಲೂ ಇರುವುದಿಲ್ಲ. ಒಟ್ಟು ಭೇಟಿಗಳನ್ನು ರೋಗಿಗಳ ಸಂಖ್ಯೆ ಅಂತ ಎಣಿಸಬೇಡ. ಹೆಸರು, ವಯಸ್ಸು, ಊರು ಮೂರನ್ನೂ ಹೊಂದಿಸಿ ವ್ಯಕ್ತಿಗಳನ್ನು ಎಣಿಸು, ಕೂಡಲೇ ಹೆಸರು ತೆಗೆದು ಕೋಡ್ ಹಾಕು. ಇದಕ್ಕೂ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ‘ಬರೀ ರಿಜಿಸ್ಟರ್ ತಾನೆ’ ಅಂದರೆ ನಡೆಯುವುದಿಲ್ಲ.

ಪಕ್ಕದಲ್ಲೇ ಫಾರ್ಮಸಿಯ ಸ್ಟಾಕ್ ಪುಸ್ತಕ ಇರುತ್ತದೆ. ಫ್ಲುಆಕ್ಸೆಟಿನ್, ಅಮಿಟ್ರಿಪ್ಟಿಲಿನ್, ರಿಸ್ಪೆರಿಡೋನ್, ಮನೋರೋಗದ ಈ ಮೂರು ಮಾತ್ರೆಗಳ ಬಾಕಿ ಯಾವ ತಾರೀಕಿಗೆ ಸೊನ್ನೆಯಾಯಿತು, ಮತ್ತೆ ಯಾವಾಗ ಬಂತು, ಅಷ್ಟು ಬರೆದುಕೊ. ವರ್ಷದಲ್ಲಿ ಎಷ್ಟು ದಿನ ಮಾತ್ರೆ ಇರಲಿಲ್ಲ ಎಂಬ ಒಂದು ಅಂಕಿ ನೂರು ಪುಟದ ವರದಿಗಿಂತ ಮೇಲು. ಮಾತ್ರೆ ಸಿಗದೆ ಒಮ್ಮೆ ತಪ್ಪಿದವರು ಮುಂದಿನ ಮಂಗಳವಾರ ಬಸ್ಸಿಗೆ ಖರ್ಚು ಮಾಡಿ ಬರುವುದು ಕಷ್ಟ.

ಆದರೆ ಇದರಿಂದಲೇ ಚಿಕಿತ್ಸೆಯ ಅಂತರ, ಅಂದರೆ ರೋಗವಿದ್ದೂ ಚಿಕಿತ್ಸೆ ಸಿಗದವರ ಪಾಲು, ಲೆಕ್ಕ ಹಾಕಬೇಡ. ಮಂಗಳೂರು, ಮಣಿಪಾಲದಲ್ಲಿ ಖಾಸಗಿ ಡಾಕ್ಟರಲ್ಲಿಗೆ ಹೋಗುವವರು ಸರಕಾರಿ ಪುಸ್ತಕದಲ್ಲಿ ಇಲ್ಲ. ಸಮೀಕ್ಷೆ ಬೇಕಾಗುವುದು ಇಲ್ಲಿ.

ಸ್ಯಾಂಪಲ್ ಹೀಗೆ: ರೋಗದ ಪ್ರಮಾಣ ಶೇ. 10, ತಪ್ಪಿನ ಅಂಚು ಆಚೀಚೆ ಶೇ. 2, ವಿಶ್ವಾಸ ಮಟ್ಟ ಶೇ. 95 ಇಟ್ಟರೆ 865 ಜನ. ಗ್ರಾಮ–ವಾರ್ಡುಗಳ ಗುಂಪಿನಲ್ಲಿ ಆರಿಸುವುದರಿಂದ ಒಂದೂವರೆ ಪಟ್ಟು, ಅಂದರೆ 1,298. ಹತ್ತರಲ್ಲೊಬ್ಬರು ಸಿಗದಿದ್ದರೆ ಸುಮಾರು 1,440. ನಮ್ಮ ಕಡೆ ಆ ಹತ್ತರಲ್ಲೊಬ್ಬರು ಎನ್ನುವುದೇ ಕಡಿಮೆ. ಗಂಡಸರು ಮುಂಬಯಿ, ಬೆಂಗಳೂರು, ಗಲ್ಫಿನಲ್ಲಿ. ಮನೆಯಲ್ಲಿ ಸಿಗುವುದು ಹೆಂಗಸರು, ಮುದುಕರು. ಮೀನುಗಾರರ ಮನೆಗಳಿಗೆ ಜೂನ್ 1ರಿಂದ ಜುಲೈ 31ರ ನಿಷೇಧದ ದಿನಗಳಲ್ಲಿ ಹೋದರೆ ಗಂಡಸರು ಸಿಗುತ್ತಾರೆ, ಆದರೆ ಅದು ಬೋಟಿನ ಸಂಪಾದನೆ ನಿಂತ ಸಮಯ. ಆಗಿನ ಉತ್ತರವನ್ನು ವರ್ಷದ ಉತ್ತರ ಅನ್ನಬೇಡ, ಸಂದರ್ಶನದ ತಿಂಗಳನ್ನು ದಾಖಲಿಸು. ಬೀಡಿ ಕಟ್ಟುವವರು ಮಧ್ಯಾಹ್ನ ಸಿಗುತ್ತಾರೆ. ಆದರೆ ನಾಲ್ವರು ತಡ್ಪೆ (ಮೊರ) ಹಿಡಿದು ಒಟ್ಟಿಗೆ ಕೂತಲ್ಲಿ ನಿದ್ದೆ–ದುಃಖದ ಪ್ರಶ್ನೆ ಕೇಳಿದರೆ ‘ಏನಿಲ್ಲ’ ಎಂಬ ಉತ್ತರವೇ ಬರುವುದು. ಒಬ್ಬರೇ ಇರುವ ಹೊತ್ತು ಗೊತ್ತುಮಾಡಿಕೊಂಡು ಮತ್ತೆ ಹೋಗಬೇಕು, ಆ ಎರಡನೇ ಭೇಟಿಗೆ ಬಜೆಟ್ಟಿನಲ್ಲಿ ದುಡ್ಡಿಡು.

‘ಮೊದಲು ಎಲ್ಲಿಗೆ ಹೋದಿರಿ?’ ಎಂಬುದಕ್ಕೆ ಆಯ್ಕೆಗಳಲ್ಲಿ ಕವಡೆ ಹಾಕಿ ಪ್ರಶ್ನೆ ಇಡುವ ಜೋಯಿಸರು, ದೈವಸ್ಥಾನ, ದರ್ಗಾ, ಪ್ರಾರ್ಥನಾ ಕೇಂದ್ರ ಎಲ್ಲವೂ ಇರಲಿ. ಕೇಳುವವರ ಮುಖದಲ್ಲಿ ನಗು ಕಂಡಿತೋ, ಆ ಉತ್ತರ ಹೋಯಿತು.

ಪಿಎಚ್‌ಕ್ಯೂ–9 (ಖಿನ್ನತೆ ಶೋಧಿಸುವ ಪ್ರಶ್ನಾವಳಿ) ಬಳಸುತ್ತೀಯಾದರೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27. ಸಾಮಾನ್ಯವಾಗಿ 10ಕ್ಕೆ ಗೆರೆ, 10 ಅಥವಾ ಹೆಚ್ಚು ಬಂದರೆ ಖಿನ್ನತೆಯ ಶಂಕೆ. ಅದು ಶೋಧನೆ ಮಾತ್ರ, ರೋಗನಿರ್ಣಯವಲ್ಲ. ಒಂಬತ್ತನೆಯದು ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಯಾವ ಉತ್ತರ ಬಂದರೂ ಏನು ಮಾಡಬೇಕೆಂಬ ಹಾಳೆ ಪ್ರತಿ ಸಂದರ್ಶಕರ ಚೀಲದಲ್ಲಿರಬೇಕು: ಅವರನ್ನು ಒಂಟಿಯಾಗಿ ಬಿಟ್ಟು ಬರಬಾರದು, ಕೂಡಲೇ ಮೇಲ್ವಿಚಾರಕರಿಗೆ ಫೋನು, ಅದೇ ದಿನ ಡಾಕ್ಟರ ಸಂಪರ್ಕ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಡುವುದು. ಫಾರ್ಮನ್ನು ಸಂಜೆ ಆಫೀಸಿನಲ್ಲಿ ನೋಡೋಣ ಅಂತ ಇಟ್ಟರೆ ತಡವಾಗುತ್ತದೆ.

ಕಡೆಗೆ ಅಧಿಕಾರಿಗೆ ಕೊಡುವ ಟಿಪ್ಪಣಿ. ಎರಡು ಪುಟ ಸಾಕು. ಮೊದಲ ಪ್ಯಾರಾದಲ್ಲೇ ಬೇಡಿಕೆ. ಉದಾಹರಣೆಗೆ ದಿನಕ್ಕೊಂದು ಮಾತ್ರೆಯಂತೆ 200 ರೋಗಿಗಳಿಗೆ ತಿಂಗಳಿಗೆ 6,000, ಮೂರು ತಿಂಗಳ ದಾಸ್ತಾನಿಗೆ 18,000 ಅಂತ ಬರೆ. ಗ್ರಾಮದ ಮಟ್ಟದಲ್ಲಿ ಐದಕ್ಕಿಂತ ಕಡಿಮೆ ಸಂಖ್ಯೆ ಬಂದರೆ ಪಕ್ಕದ ಗ್ರಾಮಕ್ಕೆ ಸೇರಿಸು. ನಮ್ಮ ಊರುಗಳಲ್ಲಿ ‘ಒಬ್ಬ’ ಅಂದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಗೋಪ್ಯತೆ ಎನ್ನುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ ರೋಗಿಗಿರುವ ಹಕ್ಕು. ರಾಜ್ಯದ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ–ಮಾರ್ಚಿನಲ್ಲಿ, ಇಲಾಖೆಯ ಪ್ರಸ್ತಾವ ಅದಕ್ಕೆ ಎಷ್ಟೋ ಮುಂಚೆ ಹೊರಡುತ್ತದೆ. ನಿನ್ನ ಟಿಪ್ಪಣಿ ದೀಪಾವಳಿಯ ಹೊತ್ತಿಗೆ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿ ಸೇರಲಿ. ಮಾರ್ಚಿನಲ್ಲಿ ಕೊಟ್ಟರೆ ಒಂದು ವರ್ಷ ಕಪಾಟಿನಲ್ಲೇ ಕೂರುತ್ತದೆ.

ಪ್ರಶ್ನಾವಳಿಯ ಕರಡು ಕಳಿಸು, ಒಂಬತ್ತನೇ ಪ್ರಶ್ನೆಯ ಹಾಳೆಯೂ ಜೊತೆಗಿರಲಿ.

ನಿನ್ನ,
ಪ್ರಕಾಶ