ಎರಡು ಅಂಗುಲದ ಬಿಡುವು

ಚಿ. ಸುಹಾಸನಿಗೆ ಆಶೀರ್ವಾದಗಳು.

ನೀನು ಕಳಿಸಿದ ಮೂರು ನಿಮಿಷದ ಹಾಸ್ಯಚಿತ್ರ ನೋಡಿದೆ. ಕುರ್ಚಿ ಮುರಿಯುವಲ್ಲಿ ಐದು ಕಟ್ ಹಾಕಿದ್ದೀಯ. ಕಾಲು, ಮುಖ, ನೆಲ, ಮತ್ತೆ ಮುಖ. ಬಿದ್ದದ್ದು ಕಂಡಿತು, ಬೀಳುವುದು ಕಾಣಲಿಲ್ಲ. ಮುಂದಿನದಕ್ಕೆ ಕೈ ಹಾಕುವ ಮುಂಚೆ ಮೂಕಿ ಚಿತ್ರಗಳ ಹಾಸ್ಯನಟ, ನಿರ್ದೇಶಕ ಬಸ್ಟರ್ ಕೀಟನ್‌ನನ್ನು ನೋಡು. ಒಮ್ಮೆ ನಗುವುದಕ್ಕೆ, ಇನ್ನೊಮ್ಮೆ ಅಳೆಯುವುದಕ್ಕೆ.

1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಹಾಕಿಕೊ. ನಿರ್ದೇಶಕನೆಂದು ಹೆಸರಿರುವುದು ಚಾರ್ಲ್ಸ್ ರೈಸ್ನರ್‌ನದು. ಕೈ ಯಾರದೆಂದು ನೋಡಿದವರಿಗೆ ತಿಳಿಯುತ್ತದೆ. ಬಿರುಗಾಳಿಗೆ ಮನೆಯ ಮುಂಗೋಡೆ ಇಡಿಯಾಗಿ ಕೀಟನ್‌ನ ಮೇಲೆ ಮಗುಚುತ್ತದೆ. ತೆರೆದ ಕಿಟಕಿಯ ದೆಸೆಯಿಂದ ಅವನು ನಿಂತಂತೆಯೇ ಉಳಿಯುತ್ತಾನೆ. ಗೋಡೆಯ ತೂಕ ಸುಮಾರು ಎರಡು ಟನ್. ಮೊದಲು ಚೌಕಟ್ಟು ಕಟ್ಟಿ, ಬುಡದ ಕೀಲುಗಳನ್ನು ಅಲುಗದಂತೆ ಬಿಗಿದರು. ಆಮೇಲೆ ಅದನ್ನು ನೆಲಕ್ಕೆ ಮಲಗಿಸಿ, ಅವನನ್ನು ನಿಲ್ಲಿಸಿಕೊಂಡು ಅವನ ಸುತ್ತಲೇ ಕಿಟಕಿ ಕೂರಿಸಿದರು. ಎರಡೂ ಭುಜಕ್ಕೆ, ತಲೆಗೆ, ಹಿಮ್ಮಡಿಗೆ ತಲಾ ಎರಡು ಅಂಗುಲ ಬಿಡುವು, ಅಷ್ಟೇ. ಹಿಮ್ಮಡಿ ಊರುವಲ್ಲಿ ದೊಡ್ಡ ಮೊಳೆ ಹೊಡೆದು ಗುರುತಿಟ್ಟು, ಗೋಡೆಯನ್ನು ಎತ್ತಿ ನಿಲ್ಲಿಸಿ ಉಳಿದ ಕೆಲಸ ಮುಗಿಸಿದರು. ಗಾಳಿಗೆ ವಿಮಾನದ ಎಂಜಿನ್‌ಗಳಿದ್ದವು. ಗಾಳಿ ಹಿಂದೆ ಮುಂದೆ ಬೀಸಬೇಕು, ಬೀಳುವ ಗೋಡೆಗೆ ಮಾತ್ರ ತಾಗಕೂಡದು. ತಾಗಿದರೆ ಅದು ತಿರುಚಿಕೊಂಡು ಕಿಟಕಿ ಬೇರೆಡೆ ಬೀಳುತ್ತದೆ. ಇದನ್ನು ಇಡೀ ಮನೆ, ಇಡೀ ಮನುಷ್ಯ ಕಾಣುವಂತೆ ದೂರದಿಂದ ಒಂದೇ ಶಾಟ್‌ನಲ್ಲಿ ತೆಗೆದರು. ನಡುವೆ ಕತ್ತರಿ ಆಡಿದ್ದರೆ ಆ ಎರಡು ಅಂಗುಲವನ್ನು ಯಾರೂ ನಂಬುತ್ತಿರಲಿಲ್ಲ.

ಕತ್ತರಿಯೇ ಬೇಡವೆಂದಲ್ಲ. 1924ರ ‘ಶೆರ್ಲಾಕ್ ಜೂನಿಯರ್’ನಲ್ಲಿ ಕಟ್ ಮಾಡುವುದೇ ಹಾಸ್ಯ: ಅವನು ಅಲ್ಲೇ, ಹಿನ್ನೆಲೆ ಮಾತ್ರ ತೋಟ, ಬೀದಿ, ಸಮುದ್ರ, ಹಿಮ ಎಂದು ಬದಲಾಗುತ್ತದೆ. ಪ್ರತಿ ಜಾಗದಲ್ಲೂ ಕ್ಯಾಮೆರಾದಿಂದ ಅವನಿಗಿರುವ ದೂರವನ್ನು ಸರ್ವೆ ಉಪಕರಣ ಹಿಡಿದು ಹೊಂದಿಸಿದರು. 1921ರ ‘ದಿ ಪ್ಲೇಹೌಸ್’ನಲ್ಲಂತೂ ಒಂದೇ ಚೌಕಟ್ಟಿನಲ್ಲಿ ಒಂಬತ್ತು ಕೀಟನ್‌ಗಳು. ಲೆನ್ಸ್ ಮುಂದಿನ ಪಟ್ಟಿಗಳನ್ನು ಒಂದೊಂದಾಗಿ ತೆರೆದು, ಫಿಲ್ಮನ್ನು ಹಿಂದಕ್ಕೆ ಸುತ್ತಿ ಮತ್ತೆ ಮತ್ತೆ ತೆಗೆದದ್ದು. ಕ್ಯಾಮೆರಾ ಕೈಯಲ್ಲಿ ತಿರುಗಿಸುವಂಥದು. ಛಾಯಾಗ್ರಾಹಕ ಎಲ್ಗಿನ್ ಲೆಸ್ಲಿಯ ಕೈ ಪ್ರತಿ ಸಲವೂ ಅದೇ ವೇಗದಲ್ಲಿ ತಿರುಗದಿದ್ದರೆ ಒಬ್ಬೊಬ್ಬ ಕೀಟನ್ ಒಂದೊಂದು ತಾಳಕ್ಕೆ ಕುಣಿಯುತ್ತಿದ್ದ!

ಸಾಹಸದ ನಕಲು ಮಾತ್ರ ಬೇಡ. ‘ಶೆರ್ಲಾಕ್ ಜೂನಿಯರ್’ನಲ್ಲೇ ರೈಲು ಹಳಿ ಪಕ್ಕದ ಟ್ಯಾಂಕಿನ ನೀರು ರಭಸಕ್ಕೆ ಅವನನ್ನು ಹಳಿಯ ಮೇಲೆ ಕೆಡವಿತು, ಕತ್ತಿನ ಮೂಳೆ ಮುರಿದದ್ದು ವರ್ಷಗಳ ಮೇಲೆ ಎಕ್ಸ್‌ರೇಯಲ್ಲಿ ಗೊತ್ತಾಯಿತು.

ಕುರ್ಚಿಯ ದೃಶ್ಯವನ್ನು ಮತ್ತೆ ತೆಗೆ. ಫೋನನ್ನು ಸ್ಟ್ಯಾಂಡಿಗೆ ಹಾಕಿ, ತಲೆಯಿಂದ ಪಾದದವರೆಗೆ ಕಾಣುವಷ್ಟು ಹಿಂದಕ್ಕಿಡು. ಕಾಲು ಸಡಿಲವಾಗಿದೆಯೆಂದು ನೋಡುವವರಿಗೆ ಮೊದಲೇ ತಿಳಿದಿರಲಿ, ಕೂರುವವನಿಗೆ ತಿಳಿಯದಿರಲಿ. ಬಿದ್ದ ಮೇಲೆ ಮೂರು ಸೆಕೆಂಡ್ ಕಟ್ ಮಾಡಬೇಡ. ಆ ‘ಟೊಂಯ್’ ಸದ್ದನ್ನು ದಯವಿಟ್ಟು ತೆಗೆದುಬಿಡು.

ಇಂತಿ,
ನಿನ್ನ ದೊಡ್ಡಪ್ಪ